ಓರೆ ಡಿಕ್ಕಿಯ ಲೆಕ್ಕ: ಕೇರಂ ಬೋರ್ಡ್ ಇಟ್ಟುಕೊಂಡು ಸಂವೇಗ ಕಲಿಯುವುದು

ಒಂದೇ ಗೆರೆಯ ಮೇಲೆ ನಡೆಯುವ ಡಿಕ್ಕಿಯ ಲೆಕ್ಕವನ್ನು ಪಿಯುಸಿಯ ಬಹಳಷ್ಟು ಮಕ್ಕಳು ಸಲೀಸಾಗಿ ಮಾಡುತ್ತಾರೆ. ಅದೇ ಡಿಕ್ಕಿ ಸ್ವಲ್ಪ ಓರೆಯಾದರೆ ಪೆನ್ನು ನಿಂತುಬಿಡುತ್ತದೆ. ಸೈನ್ ಎಲ್ಲಿ, ಕಾಸ್ ಎಲ್ಲಿ, ಮೈನಸ್ ಯಾವುದಕ್ಕೆ, ಶಕ್ತಿಯ ಸಮೀಕರಣ ಬರೆಯಬೇಕೋ ಬೇಡವೋ ಎಂಬ ಗೊಂದಲ ಶುರುವಾಗುತ್ತದೆ. ನಿಜ ಹೇಳಬೇಕೆಂದರೆ ಇಲ್ಲಿ ಹೊಸ ಭೌತಶಾಸ್ತ್ರ ಏನೂ ಇಲ್ಲ. ಒಂದೇ ಲೆಕ್ಕವನ್ನು ಎರಡು ಸಲ ಮಾಡಬೇಕು, ಅಷ್ಟೆ. ಅದಕ್ಕೂ ಮೊದಲು, ಗೊತ್ತಿಲ್ಲದ ಸಂಗತಿಗಳು ಎಷ್ಟಿವೆ ಎಂದು ಎಣಿಸಿಕೊಳ್ಳಬೇಕು. ಈ ಎಣಿಕೆಯನ್ನು ಯಾರೂ ಮಾಡುವುದಿಲ್ಲ, ಎಡವುವುದೂ ಅಲ್ಲೇ.

ಉದಾಹರಣೆಗೆ ಕೇರಂ ಬೋರ್ಡನ್ನೇ ತೆಗೆದುಕೊಳ್ಳೋಣ. ಅಂತರರಾಷ್ಟ್ರೀಯ ನಿಯಮದ ಪ್ರಕಾರ ಸ್ಟ್ರೈಕರ್ 15 ಗ್ರಾಂ ಮೀರುವಂತಿಲ್ಲ. ಕಾಯಿನ್ 5ರಿಂದ 5.5 ಗ್ರಾಂ ಇರಬೇಕು. ನಮ್ಮ ಲೆಕ್ಕಕ್ಕೆ 15 ಮತ್ತು 5 ಎಂದಿಟ್ಟುಕೊಳ್ಳೋಣ. ಮೂರಕ್ಕೆ ಒಂದರ ಈ ಅನುಪಾತ ಮುಂದೆ ಒಂದು ಚೆಂದದ ಉತ್ತರ ಕೊಡುತ್ತದೆ.

ಸಂವೇಗ ಉಳಿಯುವುದು ಯಾಕೆ, ಎಷ್ಟು ಹೊತ್ತು

ಸಂವೇಗ ಎಂದರೆ ದ್ರವ್ಯರಾಶಿ × ವೇಗ. ವೇಗಕ್ಕೆ ದಿಕ್ಕಿದೆ, ಹಾಗಾಗಿ ಸಂವೇಗಕ್ಕೂ ದಿಕ್ಕಿದೆ. ಸ್ಟ್ರೈಕರ್ ಕಾಯಿನ್ನನ್ನು ಎಷ್ಟು ಬಲದಿಂದ ತಳ್ಳುತ್ತದೋ, ಕಾಯಿನ್ ಸ್ಟ್ರೈಕರನ್ನು ಅಷ್ಟೇ ಬಲದಿಂದ ತಿರುಗಿ ತಳ್ಳುತ್ತದೆ. ತಾಗಿಕೊಂಡಿರುವ ಹೊತ್ತೂ ಇಬ್ಬರಿಗೂ ಒಂದೇ. ಹಾಗಾಗಿ ಒಂದು ಕಳೆದುಕೊಂಡ ಸಂವೇಗವೆಲ್ಲ ಇನ್ನೊಂದಕ್ಕೆ ಸೇರುತ್ತದೆ. ಒಟ್ಟು ಬದಲಾಗುವುದಿಲ್ಲ.

ಬೋರ್ಡಿನ ಘರ್ಷಣೆ ಇದೆಯಲ್ಲ ಎಂದು ನೀವು ಕೇಳಬಹುದು. ಇದೆ. ಆದರೆ ತಾಗುವ ಕ್ಷಣ ಎಷ್ಟು ಚಿಕ್ಕದೆಂದರೆ, ಅಷ್ಟರಲ್ಲಿ ಘರ್ಷಣೆ ಮಾಡುವ ಕೆಲಸ ಲೆಕ್ಕಕ್ಕೆ ಬರುವುದಿಲ್ಲ. ಆದ್ದರಿಂದ 'ಮೊದಲು' ಎಂದರೆ ತಾಗುವ ತಕ್ಷಣದ ಮೊದಲು, 'ನಂತರ' ಎಂದರೆ ಬೇರೆಯಾದ ತಕ್ಷಣ. ಕಾಯಿನ್ ಅರ್ಧ ಬೋರ್ಡ್ ಜಾರಿ ಹೋದ ಮೇಲಿನ ಜವವನ್ನು (ಅಂದರೆ ದಿಕ್ಕು ಬಿಟ್ಟು ವೇಗದ ಅಳತೆಯನ್ನು) ಈ ಸಮೀಕರಣಕ್ಕೆ ತುಂಬಬಾರದು.

ಇನ್ನೊಂದು ಮಾತು. ಸ್ಟ್ರೈಕರ್ ಬೋರ್ಡಿನ ಚೌಕಟ್ಟಿಗೆ ಬಡಿದು ವಾಪಸ್ ಬಂದರೆ, ಚೌಕಟ್ಟಿಗೆ ಲಂಬವಾದ ದಿಕ್ಕಿನಲ್ಲಿ ಸ್ಟ್ರೈಕರ್‌ನ ಸಂವೇಗ ಉಳಿಯುವುದಿಲ್ಲ. ಅಲ್ಲಿ ಚೌಕಟ್ಟು ಹೊರಗಿನಿಂದ ತಳ್ಳುತ್ತಿದೆ. ಚೌಕಟ್ಟಿನ ಉದ್ದಕ್ಕಿರುವ ದಿಕ್ಕಿನಲ್ಲಿ ಮಾತ್ರ, ಅಂಚು ನುಣುಪಾಗಿದ್ದರೆ, ಅದು ಹಾಗೇ ಇರುತ್ತದೆ. ಪ್ರತಿ ದಿಕ್ಕಿಗೂ ಬೇರೆ ಲೆಕ್ಕ ಎನ್ನುವುದು ಇಲ್ಲಿಯೇ ಗೊತ್ತಾಗುತ್ತದೆ.

ಮೊದಲ ಹೆಜ್ಜೆ: ಚಿತ್ರ, ಅಕ್ಷ, ಎಣಿಕೆ

ಎರಡು ಚಿತ್ರ ಬರೆಯಿರಿ. ಒಂದು ಡಿಕ್ಕಿಗೆ ಮೊದಲಿನದು, ಇನ್ನೊಂದು ನಂತರದ್ದು. ಚೆಂದವಾಗಿರಬೇಕಿಲ್ಲ. ಆದರೆ ಪ್ರತಿ ವಸ್ತುವಿಗೂ ಬಾಣ ಇರಬೇಕು, ಬಾಣದ ಪಕ್ಕ ದ್ರವ್ಯರಾಶಿ ಇರಬೇಕು.

ಅಕ್ಷವನ್ನು ನಿಮ್ಮ ಅನುಕೂಲಕ್ಕೆ ತಿರುಗಿಸಿಕೊಳ್ಳಿ. ಒಂದೇ ವಸ್ತು ಚಲಿಸುತ್ತಿದ್ದರೆ ಅದರ ದಿಕ್ಕನ್ನೇ ಎಕ್ಸ್ ಎಂದು ಇಟ್ಟುಕೊಳ್ಳಿ. ಆಗ ಮೊದಲಿನ ಸಂವೇಗವೆಲ್ಲ ಎಕ್ಸ್‌ನಲ್ಲೇ ಇರುತ್ತದೆ, ವೈ ದಿಕ್ಕಿನ ಒಟ್ಟು ಸೊನ್ನೆ. ಈ ಸೊನ್ನೆ ಅರ್ಧ ಕೆಲಸ ಉಳಿಸುತ್ತದೆ. ಪುಸ್ತಕದಲ್ಲಿ ಪೂರ್ವ, ಉತ್ತರ ಎಂದು ಕೊಟ್ಟಿದ್ದರೆ ಮಾತ್ರ ಅವನ್ನೇ ಎಕ್ಸ್, ವೈ ಮಾಡಿಕೊಳ್ಳಿ.

ಈಗ ಎಣಿಕೆ. ಡಿಕ್ಕಿಯ ನಂತರ ಎರಡು ವಸ್ತು ಇವೆ. ಪ್ರತಿಯೊಂದಕ್ಕೂ ಒಂದು ಜವ, ಒಂದು ಕೋನ. ಒಟ್ಟು ನಾಲ್ಕು ಸಂಗತಿ ಗೊತ್ತಿಲ್ಲ. ಸಂವೇಗ ಕೊಡುವುದು ಎರಡೇ ಸಮೀಕರಣ, ಎಕ್ಸ್‌ಗೆ ಒಂದು, ವೈಗೆ ಒಂದು. ಉಳಿದ ಎರಡು ಬೇರೆ ಎಲ್ಲಿಂದಲಾದರೂ ಬರಬೇಕು, ಅಲ್ವಾ? ಲೆಕ್ಕದ ಬಗೆ ಬದಲಾಗುವುದು ಇಲ್ಲಿ ಮಾತ್ರ. ಕೆಲವೊಮ್ಮೆ ಒಂದು ವಸ್ತುವಿನ ಜವ, ಕೋನ ಎರಡನ್ನೂ ಪ್ರಶ್ನೆಯೇ ಕೊಟ್ಟಿರುತ್ತದೆ. ಕೆಲವೊಮ್ಮೆ ಎರಡೂ ಅಂಟಿಕೊಂಡು ಹೋಗುತ್ತವೆ, ಆಗ ಗೊತ್ತಿಲ್ಲದ್ದು ಎರಡಕ್ಕೆ ಇಳಿಯುತ್ತದೆ. ಸ್ಥಿತಿಸ್ಥಾಪಕ ಡಿಕ್ಕಿ, ಅಂದರೆ ಚಲನಶಕ್ತಿ ಸ್ವಲ್ಪವೂ ನಷ್ಟವಾಗದ ಡಿಕ್ಕಿ ಎಂದು ಹೇಳಿದ್ದರೆ ಚಲನಶಕ್ತಿಯಿಂದ ಮೂರನೇ ಸಮೀಕರಣ ಸಿಗುತ್ತದೆ. ಆದರೂ ನಾಲ್ಕನೆಯದೊಂದು ಬೇಕೇ ಬೇಕು, ಸಾಮಾನ್ಯವಾಗಿ ಅದು ಒಂದು ಕೋನವಾಗಿರುತ್ತದೆ. ನಾಲ್ಕು ಭರ್ತಿಯಾಗದೆ ಲೆಕ್ಕ ಶುರು ಮಾಡಬೇಡಿ. ಸುಮ್ನೆ ಪುಟ ತುಂಬುತ್ತದೆ, ಉತ್ತರ ಬರುವುದಿಲ್ಲ.

ಒಂದು ಲೆಕ್ಕ ಪೂರ್ತಿಯಾಗಿ

15 ಗ್ರಾಂ ಸ್ಟ್ರೈಕರ್ 2 ಮೀ/ಸೆ ವೇಗದಲ್ಲಿ ಬಂದು, ನಿಂತಿರುವ 5 ಗ್ರಾಂ ಕಾಯಿನ್‌ಗೆ ಓರೆಯಾಗಿ ತಾಗುತ್ತದೆ. ಕಾಯಿನ್ 60° ಕೋನದಲ್ಲಿ ಎಡಕ್ಕೆ 1.4 ಮೀ/ಸೆ ವೇಗದಿಂದ ಹೋಗುತ್ತದೆ. ಸ್ಟ್ರೈಕರ್ ಎಲ್ಲಿಗೆ, ಎಷ್ಟು ಜವದಲ್ಲಿ ಹೋಗುತ್ತದೆ?

ಸ್ಟ್ರೈಕರ್ ಬಂದ ದಿಕ್ಕು ಎಕ್ಸ್. ಎಡಬದಿ ವೈ ಪ್ಲಸ್. ಕಾಯಿನ್‌ನ ಜವ, ಕೋನ ಎರಡೂ ಗೊತ್ತು. ಉಳಿದದ್ದು ಎರಡು, ಸಮೀಕರಣವೂ ಎರಡು. ಶುರು ಮಾಡಬಹುದು.

ಗ್ರಾಮನ್ನು ಕಿಲೋಗ್ರಾಂಗೆ ತಿರುಗಿಸುವ ತಾಪತ್ರಯ ಇಲ್ಲಿ ಬೇಡ. ಎರಡೂ ಕಡೆ ಗ್ರಾಮೇ ಇದ್ದರೆ ಸಾಕು. ಸಂವೇಗವನ್ನು ಗ್ರಾಂ·ಮೀ/ಸೆ ಲೆಕ್ಕದಲ್ಲಿ ಬರೆದುಕೊಂಡು ಹೋಗೋಣ.

ಡಿಕ್ಕಿಗೆ ಮೊದಲು:
ಎಕ್ಸ್: 15 × 2 = 30
ವೈ: 0

ಡಿಕ್ಕಿಯ ನಂತರ ಕಾಯಿನ್:
ಎಕ್ಸ್: 5 × 1.4 × ಕಾಸ್ 60° = 3.5
ವೈ: 5 × 1.4 × ಸೈನ್ 60° = 6.06

ಉಳಿದದ್ದೆಲ್ಲ ಸ್ಟ್ರೈಕರ್‌ನದು:
ಎಕ್ಸ್: 30 − 3.5 = 26.5
ವೈ: 0 − 6.06 = −6.06

15ರಿಂದ ಭಾಗಿಸಿದರೆ ಸ್ಟ್ರೈಕರ್‌ನ ವೇಗದ ಘಟಕಗಳು (ಎಕ್ಸ್, ವೈ ದಿಕ್ಕಿನ ಭಾಗಗಳು) 1.767 ಮತ್ತು −0.404 ಮೀ/ಸೆ. ಜವ = √(1.767² + 0.404²) = 1.81 ಮೀ/ಸೆ. ಕೋನದ ಟ್ಯಾನ್ = 0.404 ÷ 1.767 = 0.229, ಅಂದರೆ ಕೋನ ಸುಮಾರು 12.9°. ವೈ ಮೈನಸ್ ಬಂದಿದೆ, ಹಾಗಾಗಿ ಅದು ಬಲಕ್ಕೆ ತಿರುಗಿದೆ. ಕಾಯಿನ್ ಎಡಕ್ಕೆ ಹೋದರೆ ಸ್ಟ್ರೈಕರ್ ಬಲಕ್ಕೆ ಹೋಗಲೇಬೇಕು, ಯಾಕೆಂದರೆ ವೈ ದಿಕ್ಕಿನ ಒಟ್ಟು ಸೊನ್ನೆ.

ಗಮನಿಸಿ, ಎಲ್ಲೂ ಜವಗಳನ್ನು ಹಾಗೇ ಕೂಡಿಸಲಿಲ್ಲ. 15 × 1.81 + 5 × 1.4 ಮಾಡಿದರೆ 34.2 ಬರುತ್ತದೆ, 30 ಅಲ್ಲ. ಅದನ್ನು ನೋಡಿ ಸಂವೇಗ ಹೆಚ್ಚಾಯಿತು ಎಂದು ಗಾಬರಿಪಡುವವರಿದ್ದಾರೆ. ಬಾಣಗಳ ಉದ್ದವನ್ನು ಕೂಡಿಸಿದರೆ ಹೀಗೇ ಆಗುತ್ತದೆ. ಕೂಡಿಸಬೇಕಾದದ್ದು ಘಟಕಗಳನ್ನು.

ಶಕ್ತಿಯಿಂದ ತಾಳೆ ನೋಡುವುದು

ಈ ಡಿಕ್ಕಿಯಲ್ಲಿ ಚಲನಶಕ್ತಿ ಉಳಿಯುತ್ತದೆ ಎಂದು ಯಾರೂ ಹೇಳಿರಲಿಲ್ಲ, ನಾವೂ ಬಳಸಲಿಲ್ಲ. ಆದರೆ ತಾಳೆ ನೋಡಲು ಅದಕ್ಕಿಂತ ಒಳ್ಳೆಯ ಸಾಧನ ಇಲ್ಲ. ಮೊದಲು ಇದ್ದದ್ದು ½ × 15 × 2² = 30 ಮಿಲಿಜೂಲ್. ನಂತರ ಸ್ಟ್ರೈಕರ್‌ನಲ್ಲಿ 24.6, ಕಾಯಿನ್‌ನಲ್ಲಿ 4.9, ಒಟ್ಟು 29.5. ಅರ್ಧ ಮಿಲಿಜೂಲ್ 'ಟಕ್' ಎಂಬ ಸದ್ದಿಗೆ, ಬಿಸಿಗೆ ಹೋಯಿತು. ಒಪ್ಪಬಹುದಾದ ಉತ್ತರ.

ಈಗ ಇದೇ ಪ್ರಶ್ನೆಯಲ್ಲಿ ಕಾಯಿನ್‌ನ ವೇಗ 1.6 ಮೀ/ಸೆ ಎಂದು ಕೊಟ್ಟಿದ್ದಾರೆ ಎಂದುಕೊಳ್ಳಿ. ಸಂವೇಗದ ಲೆಕ್ಕ ಆಗಲೂ ನಿರಾಳವಾಗಿ ಮುಗಿಯುತ್ತದೆ, ಸ್ಟ್ರೈಕರ್‌ಗೆ ಒಂದು ಉತ್ತರವೂ ಬರುತ್ತದೆ. ಆದರೆ ಶಕ್ತಿ ಕೂಡಿಸಿದರೆ 30.5 ಮಿಲಿಜೂಲ್! ಇದ್ದದ್ದಕ್ಕಿಂತ ಜಾಸ್ತಿ. ನಿಂತ ಕಾಯಿನ್‌ಗೆ ಸುಮ್ಮನೆ ತಾಗಿ ಶಕ್ತಿ ಹುಟ್ಟುವುದಿಲ್ಲ. ಅಂದರೆ ಪ್ರಶ್ನೆಯೇ ತಪ್ಪು. ಸಂವೇಗದ ಸಮೀಕರಣ ಇದನ್ನು ಹಿಡಿಯುವುದಿಲ್ಲ, ಶಕ್ತಿ ಹಿಡಿಯುತ್ತದೆ. ಮೂರು ಗೆರೆಯ ಕೆಲಸ. ಪರೀಕ್ಷೆಯಲ್ಲಿ ಎಷ್ಟೇ ಅವಸರವಿದ್ದರೂ ಇದನ್ನು ಬಿಡಬೇಡಿ ಎನ್ನುತ್ತೇನೆ.

ಕೋನ ಕೊಟ್ಟಿಲ್ಲದಿದ್ದರೆ

ಎರಡು ನುಣುಪಾದ ಬಿಲ್ಲೆಗಳು ತಾಗಿದಾಗ ಅವು ಒಂದನ್ನೊಂದು ತಳ್ಳುವುದು ಎರಡರ ಕೇಂದ್ರಗಳನ್ನು ಸೇರಿಸುವ ಗೆರೆಯ ಮೇಲೆ. ಹಾಗಾಗಿ ನಿಂತಿದ್ದ ಕಾಯಿನ್ ಆ ಗೆರೆಯಲ್ಲೇ ಹೊರಡುತ್ತದೆ. ಕೇರಂ ಆಡುವವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಪಾಕೆಟ್‌ನಿಂದ ಕಾಯಿನ್ ಮೂಲಕ ಗೆರೆ ಎಳೆದು, ಅದು ಹಿಂದೆ ಎಲ್ಲಿ ಹೊರಬರುತ್ತದೋ ಅಲ್ಲಿಗೆ ತಾಗುವಂತೆ ಅವರು ಗುರಿ ಇಡುತ್ತಾರೆ.

ಇದರಿಂದ ಕೋನ ಲೆಕ್ಕ ಹಾಕಬಹುದು. ಸ್ಟ್ರೈಕರ್‌ನ ವ್ಯಾಸ ಸುಮಾರು 4.1 ಸೆಂಮೀ, ಕಾಯಿನ್‌ನದು ಸುಮಾರು 3.1. ತಾಗಿದಾಗ ಕೇಂದ್ರಗಳ ನಡುವಿನ ದೂರ 2.05 + 1.55 = 3.6 ಸೆಂಮೀ. ಸ್ಟ್ರೈಕರ್‌ನ ಕೇಂದ್ರ ಸಾಗುವ ದಾರಿ ಕಾಯಿನ್‌ನ ಕೇಂದ್ರದಿಂದ 1.8 ಸೆಂಮೀ ಪಕ್ಕಕ್ಕಿದ್ದರೆ ಕೋನದ ಸೈನ್ = 1.8 ÷ 3.6 = 0.5. ಕಾಯಿನ್ 30° ಕೋನದಲ್ಲಿ ಹೋಗುತ್ತದೆ. ಅದೇ ಅಂತರ 2.55 ಸೆಂಮೀ ಆದರೆ 45°.

ಈ 45° ಹೊಡೆತವನ್ನೇ ಸ್ಥಿತಿಸ್ಥಾಪಕ ಡಿಕ್ಕಿ ಎಂದುಕೊಂಡು ಬಿಡಿಸೋಣ. ಸ್ಟ್ರೈಕರ್‌ನ ವೇಗ ಮತ್ತೆ 2 ಮೀ/ಸೆ. ಕಾಯಿನ್‌ನ ಜವಕ್ಕೆ 'ಕ' ಎಂದು ಹೆಸರಿಡೋಣ. ಗೊತ್ತಿಲ್ಲದ್ದು ಮೂರು: ಕ, ಮತ್ತು ಸ್ಟ್ರೈಕರ್‌ನ ಎರಡು ಘಟಕಗಳು. ಸಮೀಕರಣವೂ ಮೂರು.

ಎಕ್ಸ್ ಘಟಕ = 2 − (5 ÷ 15) × 0.707 ಕ = 2 − 0.2357 ಕ
ವೈ ಘಟಕ = −0.2357 ಕ

ಇವೆರಡನ್ನು ಶಕ್ತಿಯ ಸಮೀಕರಣಕ್ಕೆ ಹಾಕಿ. ½ ಎಲ್ಲ ಕಡೆಯೂ ಇರುವುದರಿಂದ ಬಿಟ್ಟುಬಿಡಬಹುದು:

15 × 4 = 15 × [(2 − 0.2357 ಕ)² + (0.2357 ಕ)²] + 5 ಕ²

ಬಿಡಿಸಿದರೆ 60 ಎರಡೂ ಕಡೆ ಹೊಡೆದುಹೋಗುತ್ತದೆ. ಉಳಿಯುವುದು 6.667 ಕ² = 14.14 ಕ. ಕ ಸೊನ್ನೆ ಎಂಬ ಉತ್ತರವೂ ಇದೆ. ಅದು ಸ್ಟ್ರೈಕರ್ ಕಾಯಿನ್‌ಗೆ ತಾಗದೇ ಹೋದ ಕಥೆ. ಬೇಕಾದದ್ದು ಇನ್ನೊಂದು: ಕ = 2.12 ಮೀ/ಸೆ. ಅದನ್ನು ವಾಪಸ್ ಹಾಕಿದರೆ ಸ್ಟ್ರೈಕರ್‌ನ ಘಟಕಗಳು ಸರಿಯಾಗಿ 1.5 ಮತ್ತು −0.5. ಜವ 1.58 ಮೀ/ಸೆ, ಕೋನ 18.4°.

ಸಮೀಕರಣ ಬಿಡಿಸುವಾಗ ಜವ ಮತ್ತು ಕೋನದ ಬದಲು ಘಟಕಗಳನ್ನೇ ಗೊತ್ತಿಲ್ಲದ್ದು ಎಂದು ಇಟ್ಟುಕೊಂಡದ್ದನ್ನು ನೋಡಿದಿರಲ್ಲ. ಹಾಗೆ ಮಾಡದೆ ಸ್ಟ್ರೈಕರ್‌ನ ಕೋನವನ್ನು ಸೈನ್, ಕಾಸ್ ಒಳಗೆ ಸೇರಿಸಿದರೆ ವರ್ಗ ಮಾಡಿ, ಕೂಡಿಸಿ, ತ್ರಿಕೋನಮಿತಿಯ ಸೂತ್ರ ಹುಡುಕಿ ಸುಸ್ತಾಗುತ್ತದೆ. ಜವ, ಕೋನ ಕೊನೆಯಲ್ಲಿ ತೆಗೆದರೆ ಸಾಕು.

ಸ್ಟ್ರೈಕರ್ ಎಷ್ಟು ತಿರುಗಬಲ್ಲದು?

ಮೊದಲ ಲೆಕ್ಕದಲ್ಲಿ 12.9°, ಎರಡನೆಯದರಲ್ಲಿ 18.4°. ಇನ್ನೂ ಬೇರೆ ಬೇರೆ ಕೋನ ಹಾಕಿ ನೋಡಿದರೆ ಒಂದು ವಿಚಿತ್ರ ಕಾಣುತ್ತದೆ. ಸ್ಟ್ರೈಕರ್ 19.5° ದಾಟುವುದೇ ಇಲ್ಲ.

ಕಾರಣ ಹೀಗಿದೆ. ಎರಡೂ ಸೇರಿದ ದ್ರವ್ಯರಾಶಿ ಕೇಂದ್ರದ ವೇಗ 30 ÷ 20 = 1.5 ಮೀ/ಸೆ. ಡಿಕ್ಕಿ ಏನೇ ಮಾಡಿದರೂ ಇದು ಬದಲಾಗುವುದಿಲ್ಲ. ಸಂವೇಗ ಉಳಿಯುತ್ತದೆ ಎಂದರೆ ಇದೇ ಅರ್ಥ. ಆ ಕೇಂದ್ರದ ಜೊತೆ ಸಾಗುತ್ತ ನೋಡಿದರೆ ಸ್ಟ್ರೈಕರ್ 0.5 ಮೀ/ಸೆ ಜವದಲ್ಲಿ ಬರುತ್ತದೆ. ಡಿಕ್ಕಿಯ ನಂತರ ಯಾವ ದಿಕ್ಕಿಗಾದರೂ ಹೋಗಬಹುದು, ಆದರೆ 0.5ಕ್ಕಿಂತ ಜಾಸ್ತಿ ಜವದಲ್ಲಿ ಅಲ್ಲ. ಈಗ ಕಾಗದದ ಮೇಲೆ 1.5 ಉದ್ದದ ಬಾಣ ಎಳೆಯಿರಿ. ಅದರ ತುದಿಯನ್ನು ಕೇಂದ್ರ ಮಾಡಿ 0.5 ತ್ರಿಜ್ಯದ ವೃತ್ತ ಹಾಕಿ. ಸ್ಟ್ರೈಕರ್‌ನ ಕೊನೆಯ ವೇಗದ ಬಾಣ ಈ ವೃತ್ತದ ಮೇಲೋ ಒಳಗೋ ಮುಗಿಯಬೇಕು. ಬಾಣದ ಬುಡದಿಂದ ಅತಿ ಹೆಚ್ಚು ಓರೆಯಾದ ಗೆರೆ ಎಂದರೆ ವೃತ್ತಕ್ಕೆ ಎಳೆದ ಸ್ಪರ್ಶಕ. ಅದರ ಕೋನದ ಸೈನ್ = 0.5 ÷ 1.5 = 1/3. ಅಂದರೆ 19.5°.

ಹೊಡೆತದ ಜೋರು ಇಲ್ಲಿ ಎಲ್ಲೂ ಬರಲಿಲ್ಲ. ಮೆಲ್ಲಗೆ ಹೊಡೆದರೂ ಅಷ್ಟೇ, ಜೋರಾಗಿ ಹೊಡೆದರೂ ಅಷ್ಟೇ. ಸೈನ್‌ನ ಬೆಲೆ ಬರೀ ದ್ರವ್ಯರಾಶಿಗಳ ಅನುಪಾತ, 5/15. ಕಾಯಿನ್ ಸುಮಾರು 35° ಕೋನದಲ್ಲಿ ಹೊರಡುವಂತೆ ತಾಗಿಸಿದರೆ ಸ್ಟ್ರೈಕರ್ ಈ ಗರಿಷ್ಠಕ್ಕೆ ತಲುಪುತ್ತದೆ. ಅದಕ್ಕಿಂತ ನೇರವಾಗಿ ತಾಗಿದರೂ ಕಡಿಮೆ, ಸವರಿಕೊಂಡು ಹೋದರೂ ಕಡಿಮೆ. ಅಂಚಿನ ಘರ್ಷಣೆ, ತಿರುಗುವಿಕೆಯನ್ನು ನಾವು ಬಿಟ್ಟಿದ್ದೇವೆ ಎಂಬುದು ನೆನಪಿರಲಿ. ಆದರೂ ಒಂಟಿ ಕಾಯಿನ್‌ಗೆ ಹೊಡೆದ ಸ್ಟ್ರೈಕರ್ ಹೆಚ್ಚುಕಡಿಮೆ ಬಂದ ದಿಕ್ಕಿನಲ್ಲೇ ಮುಂದೆ ಹೋಗುತ್ತದೆ. ಎದುರಿಗೇ ಪಾಕೆಟ್ ಇದ್ದರೆ ಸ್ಟ್ರೈಕರ್ ಒಳಗೆ ಬಿದ್ದು ಫೌಲ್ ಆಗುವುದು ಇದರಿಂದಲೇ.

ಪ್ರಶ್ನೆಪತ್ರಿಕೆಯಲ್ಲಿ ಭಾರದ ವಸ್ತು ನಿಂತ ಹಗುರ ವಸ್ತುವಿಗೆ ತಾಗುತ್ತಿದ್ದರೆ, ಮೊದಲು ಈ ಅನುಪಾತ ನೋಡಿ. ನಿಮ್ಮ ಉತ್ತರ ಆ ಮಿತಿ ದಾಟಿದ್ದರೆ ಎಲ್ಲೋ ಎಡವಟ್ಟಾಗಿದೆ ಎಂದೇ ಅರ್ಥ.

ಈ ಮಿತಿಗೆ ಚರಿತ್ರೆಯಲ್ಲೂ ಜಾಗವಿದೆ. 1909ರಲ್ಲಿ ಮ್ಯಾಂಚೆಸ್ಟರ್‌ನಲ್ಲಿ ಗೈಗರ್ ಮತ್ತು ಮಾರ್ಸ್‌ಡೆನ್ ಎಂಬ ವಿಜ್ಞಾನಿಗಳು ಆಲ್ಫಾ ಕಣಗಳನ್ನು (ಹೀಲಿಯಂನ ಬೀಜಕೇಂದ್ರಗಳನ್ನು) ತೆಳುವಾದ ಲೋಹದ ಹಾಳೆಯ ಮೇಲೆ ಹಾಯಿಸಿದಾಗ ಕೆಲವು ಕಣಗಳು ಹಿಂದಕ್ಕೇ ತಿರುಗಿದವು. ಆಲ್ಫಾ ಕಣ ಎಲೆಕ್ಟ್ರಾನ್‌ಗಿಂತ ಸುಮಾರು 7300 ಪಟ್ಟು ಭಾರ. ಎಲೆಕ್ಟ್ರಾನ್‌ಗೆ ಒಮ್ಮೆ ತಾಗಿದರೆ ಅದು ತಿರುಗಬಹುದಾದ ಕೋನದ ಸೈನ್ 1/7300, ಅಂದರೆ ಒಂದು ಡಿಗ್ರಿಯ ನೂರನೇ ಒಂದು ಭಾಗವೂ ಇಲ್ಲ. ಹಿಂದಕ್ಕೆ ಬರಬೇಕಾದರೆ ತನಗಿಂತ ಭಾರವಾದ ಯಾವುದಕ್ಕೋ ಬಡಿದಿರಬೇಕು. 1911ರಲ್ಲಿ ರುದರ್‌ಫರ್ಡ್ ಪರಮಾಣುವಿನ ನಡುವೆ ಭಾರವಾದ ಪುಟ್ಟ ಬೀಜಕೇಂದ್ರವಿದೆ ಎಂದು ತೋರಿಸಿಕೊಟ್ಟರು.

ಸಮ ದ್ರವ್ಯರಾಶಿ: 90°

ಕಾಯಿನ್ ಇನ್ನೊಂದು ಕಾಯಿನ್‌ಗೆ ತಾಗಿದರೆ ಕೆಲಸ ಇನ್ನೂ ಸುಲಭ. ದ್ರವ್ಯರಾಶಿ ಎಲ್ಲ ಕಡೆ ಹೊಡೆದುಹೋಗುತ್ತದೆ. ಸಂವೇಗ ಹೇಳುವುದು: ಮೊದಲಿನ ವೇಗದ ಬಾಣ = ನಂತರದ ಎರಡು ಬಾಣಗಳ ಮೊತ್ತ. ಅಂದರೆ ಮೂರೂ ಸೇರಿ ಒಂದು ತ್ರಿಕೋನ. ಡಿಕ್ಕಿ ಸ್ಥಿತಿಸ್ಥಾಪಕವಾಗಿದ್ದರೆ ಶಕ್ತಿ ಹೇಳುವುದು: ದೊಡ್ಡ ಬಾಹುವಿನ ವರ್ಗ = ಉಳಿದೆರಡರ ವರ್ಗಗಳ ಮೊತ್ತ. ಪೈಥಾಗೊರಸ್! ಹಾಗಾಗಿ ಎರಡೂ ಲಂಬವಾಗಿ ಬೇರೆಯಾಗುತ್ತವೆ. ಒಂದು 37° ಕಡೆ ಹೋದರೆ ಇನ್ನೊಂದು 53°. ನೇರ ಡಿಕ್ಕಿಯಲ್ಲಿ ಮಾತ್ರ ಮೊದಲನೆಯದು ಅಲ್ಲೇ ನಿಂತುಬಿಡುತ್ತದೆ, ಕೋನದ ಮಾತೇ ಇಲ್ಲ.

ಶಕ್ತಿ ಸ್ವಲ್ಪ ನಷ್ಟವಾದರೆ ಕೋನ 90°ಗಿಂತ ಕಡಿಮೆಯಾಗುತ್ತದೆ. ಸ್ನೂಕರ್‌ನಲ್ಲಿ ಚೆಂಡು ಉರುಳುತ್ತಲೂ ಇರುವುದರಿಂದ ತಾಗಿದ ಮೇಲೆ ಬಿಳಿ ಚೆಂಡಿನ ದಾರಿ ಬಾಗುತ್ತದೆ. 90° ಎನ್ನುವುದು ತಾಗಿದ ತಕ್ಷಣದ ಮಾತು. ಆಲ್ಫಾ ಕಣ ಎಂದರೆ ಹೀಲಿಯಂನ ಬೀಜಕೇಂದ್ರವೇ. ಕಣಗಳ ದಾರಿಯನ್ನು ಮಂಜಿನ ಗೆರೆಯಾಗಿ ತೋರಿಸುವ ಮೋಡಕೋಶದ (ಕ್ಲೌಡ್ ಚೇಂಬರ್) ಚಿತ್ರಗಳಲ್ಲಿ ಅದು ಹೀಲಿಯಂ ಪರಮಾಣುವಿಗೆ ಬಡಿದಾಗ ದಾರಿ ಎರಡಾಗಿ 90° ಕವಲು ಮೂಡುತ್ತದೆ.

ಅಂಟಿಕೊಂಡ ಡಿಕ್ಕಿ: ರಸ್ತೆಯ ಮೇಲಿನ ಗುರುತಿನಿಂದ ಹಿಂದಕ್ಕೆ

1200 ಕೆಜಿ ಕಾರು ಪೂರ್ವಕ್ಕೆ, 1800 ಕೆಜಿ ಜೀಪು ಉತ್ತರಕ್ಕೆ ಹೋಗುತ್ತ ಸರ್ಕಲ್‌ನಲ್ಲಿ ಡಿಕ್ಕಿಯಾಗುತ್ತವೆ. ಒಂದಕ್ಕೊಂದು ಸಿಕ್ಕಿಕೊಂಡು, ಪೂರ್ವದಿಂದ ಉತ್ತರದ ಕಡೆಗೆ 37° ಕೋನದಲ್ಲಿ 7.3 ಮೀಟರ್ ಜಾರಿ ನಿಲ್ಲುತ್ತವೆ. ಒಣ ಟಾರು ರಸ್ತೆ, ಘರ್ಷಣಾ ಗುಣಾಂಕ 0.7. ಇಬ್ಬರಲ್ಲಿ ಯಾರು ಎಷ್ಟು ವೇಗದಲ್ಲಿದ್ದರು?

ಇದನ್ನು ಕೊನೆಯಿಂದ ಬಿಡಿಸಬೇಕು. ಜಾರುವಾಗ ಚಲನಶಕ್ತಿಯನ್ನೆಲ್ಲ ಘರ್ಷಣೆ ತಿಂದಿದೆ. ಡಿಕ್ಕಿಯಾದ ತಕ್ಷಣದ ಜವ = √(2 × 0.7 × 9.8 × 7.3) = 10 ಮೀ/ಸೆ. ಒಟ್ಟು ಸಂವೇಗ 3000 × 10 = 30,000 ಕೆಜಿ·ಮೀ/ಸೆ.

ಪೂರ್ವ: 30,000 × ಕಾಸ್ 37° = 24,000. ಇದು ಪೂರ್ತಿ ಕಾರಿನದು. 24,000 ÷ 1200 = 20 ಮೀ/ಸೆ, ಅಂದರೆ ಗಂಟೆಗೆ 72 ಕಿಮೀ.
ಉತ್ತರ: 30,000 × ಸೈನ್ 37° = 18,000. ಇದು ಜೀಪಿನದು. 18,000 ÷ 1800 = 10 ಮೀ/ಸೆ, ಗಂಟೆಗೆ 36 ಕಿಮೀ.

ಅಲ್ಲಿ 50 ಕಿಮೀ ಮಿತಿ ಇದ್ದರೆ ದಂಡ ಕಟ್ಟಬೇಕಾದವರು ಯಾರು ಎಂದು ಬೇರೆ ಹೇಳಬೇಕಿಲ್ಲ.

ಇಲ್ಲಿ ಶಕ್ತಿಯನ್ನು ಜಾರುವ ಭಾಗಕ್ಕೆ ಮಾತ್ರ ಬಳಸಿದೆವು, ಡಿಕ್ಕಿಯ ಆಚೆ ಈಚೆ ಅಲ್ಲ. ಡಿಕ್ಕಿಗೆ ಮೊದಲು ಇದ್ದ ಚಲನಶಕ್ತಿ 3,30,000 ಜೂಲ್, ನಂತರ 1,50,000. ಅರ್ಧಕ್ಕಿಂತ ಜಾಸ್ತಿ ತಗಡು ನುಗ್ಗಾಗುವುದಕ್ಕೇ ಹೋಗಿದೆ. ಅಂಟಿಕೊಂಡವು ಎಂಬ ಪದ ಕಂಡರೆ ಡಿಕ್ಕಿಗೆ ಶಕ್ತಿ ಸಂರಕ್ಷಣೆ ಬರೆಯಲೇಬಾರದು.

ನಿಜವಾದ ಅಪಘಾತದಲ್ಲಿ ಡಿಕ್ಕಿ ಸುಮಾರು 0.1 ಸೆಕೆಂಡ್ ನಡೆಯುತ್ತದೆ ಎಂದುಕೊಂಡರೆ, ಅಷ್ಟರಲ್ಲಿ ರಸ್ತೆಯ ಘರ್ಷಣೆ ತೆಗೆದುಹಾಕುವ ಸಂವೇಗ ಹೆಚ್ಚೆಂದರೆ 0.7 × 3000 × 9.8 × 0.1, ಅಂದರೆ ಸುಮಾರು 2,060. ಒಟ್ಟು 30,000ದಲ್ಲಿ ಶೇಕಡಾ 7. ಪರೀಕ್ಷೆಯ ಲೆಕ್ಕಕ್ಕೆ ಇದನ್ನು ಬಿಡಬಹುದು. ಕೋರ್ಟಿನಲ್ಲಿ ಸಾಕ್ಷಿ ಹೇಳುವಾಗ 72 ಎಂದರೆ ಕರಾರುವಾಕ್ಕಾಗಿ 72 ಎಂದು ವಾದಿಸುವಂತಿಲ್ಲ.

ಕ್ಯಾಲ್ಕ್ಯುಲೇಟರ್ ಬಗ್ಗೆ ಎರಡು ಮಾತು

ಡಿಗ್ರಿಯ ಬದಲು ರೇಡಿಯನ್‌ನಲ್ಲಿ ಇಟ್ಟಿದ್ದರೆ ಕಾಸ್ 60 ಒತ್ತಿದಾಗ −0.95 ಬರುತ್ತದೆ. 0.5 ಬರುತ್ತದಾ ಎಂದು ಮೊದಲೇ ಒಮ್ಮೆ ನೋಡಿಬಿಡಿ. ಇನ್ನು ಟ್ಯಾನ್‌ನಿಂದ ಕೋನ ತೆಗೆಯುವಾಗ ಎರಡೂ ಘಟಕಗಳು ಮೈನಸ್ ಇದ್ದರೆ ಭಾಗಾಕಾರ ಪ್ಲಸ್ ಆಗಿಬಿಡುತ್ತದೆ. ಎಡಕ್ಕೆ ಕೆಳಗೆ ಹೋಗುವ ವಸ್ತುವನ್ನು ಕ್ಯಾಲ್ಕ್ಯುಲೇಟರ್ ಬಲಕ್ಕೆ ಮೇಲೆ ಕಳಿಸುತ್ತದೆ. ದಿಕ್ಕನ್ನು ನಿಮ್ಮ ಚಿತ್ರ ನೋಡಿ ಹೇಳಿ, ಯಂತ್ರವನ್ನು ಕೇಳಿ ಅಲ್ಲ.

ಅಭ್ಯಾಸಕ್ಕೆ ಎರಡು ಲೆಕ್ಕ ಕೊಟ್ಟಿದ್ದೇನೆ. ಮೊದಲನೆಯದು: ಮಂಜುಗಡ್ಡೆಯ ಮೇಲೆ 2 ಕೆಜಿ ಗುಂಡು ಪೂರ್ವಕ್ಕೆ 3 ಮೀ/ಸೆ, 1 ಕೆಜಿ ಗುಂಡು ಉತ್ತರಕ್ಕೆ 6 ಮೀ/ಸೆ. ತಾಗಿ ಅಂಟಿಕೊಂಡರೆ ವೇಗ ಎಷ್ಟು, ಎಷ್ಟು ಶಕ್ತಿ ಹೋಯಿತು? ಉತ್ತರ: ಈಶಾನ್ಯಕ್ಕೆ 45° ಕೋನದಲ್ಲಿ 2.83 ಮೀ/ಸೆ, 27 ಜೂಲ್‌ನಲ್ಲಿ 15 ಹೋಯಿತು. ಎರಡನೆಯದು: 2 ಮೀ/ಸೆ ವೇಗದ ಕಾಯಿನ್ ಅಷ್ಟೇ ತೂಕದ ನಿಂತ ಕಾಯಿನ್‌ಗೆ ತಾಗುತ್ತದೆ. ಡಿಕ್ಕಿ ಸ್ಥಿತಿಸ್ಥಾಪಕ. ನಿಂತಿದ್ದದ್ದು 30° ಕೋನದಲ್ಲಿ ಹೋದರೆ ಎರಡರ ಜವ ಎಷ್ಟು? ಉತ್ತರ: ಅದು 1.73 ಮೀ/ಸೆ, ಹೊಡೆದದ್ದು ಇನ್ನೊಂದು ಬದಿಗೆ 60° ಕೋನದಲ್ಲಿ 1 ಮೀ/ಸೆ.